ದಿಬ್ಬದ ಹೊಲದಲ್ಲಿ ದಾಳಿಂಬೆ ಹಾಕಬಹುದೇ?

ಪ್ರಶ್ನೆ: ನಾವಿರುವುದು ಪುಣೆಯ ನಿಗಡಿಯಲ್ಲಿ. ಬಳ್ಳಾರಿ ಕಡೆಯ ನಮ್ಮ ಪಿತ್ರಾರ್ಜಿತ ಹೊಲದ ಮೂಲೆಯಲ್ಲಿ ನವಶಿಲಾಯುಗದ ಸಮಾಧಿ ದಿಬ್ಬವಿದೆ, ಕೇಂದ್ರ ಪುರಾತತ್ವ ಇಲಾಖೆಯ ಫಲಕವೂ ಇದೆ. ಲಾವಣಿಗೆ ಮಾಡುವವರು ದಿಬ್ಬದ ಜಾಲಿ ಕೀಳಿಸಿ ದಾಳಿಂಬೆ ಹಾಕೋಣ ಎನ್ನುತ್ತಾರೆ. ಜೆಸಿಬಿ ತರಿಸಬಹುದೇ?

ಉತ್ತರ: ಜೆಸಿಬಿ ಬೇಡವೇ ಬೇಡ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಸಂರಕ್ಷಿತ ಜಾಗದಲ್ಲಿ ಬೇಸಾಯಕ್ಕೆ ಅಡ್ಡಿಯಿಲ್ಲ, ಆದರೆ ಅಗೆತ 1 ಅಡಿ ಮೀರಬಾರದು. (ಕಾಯ್ದೆಯ ಆ ವಾಕ್ಯ ಓದಿದರೆ ತಲೆ ತಿರುಗುತ್ತದೆ; ತಾತ್ಪರ್ಯ ಇಷ್ಟೇ.) ಕುಂಟೆ ಹೊಡೆದು ಜೋಳ, ಕಡಲೆ ಬಿತ್ತಿದರೆ ಮಿತಿಯೊಳಗೇ ಇರುತ್ತೀರಿ. ದಾಳಿಂಬೆಗೆ 2 ಅಡಿ ಗುಂಡಿ ಬೇಕು, ಅದಾಗದು. ಪಲ್ಟಿ ನೇಗಿಲೂ ಬೇಡ. ಒಮ್ಮೆ ಮಣ್ಣಿನ ಪದರಗಳು ಕಲಸಿಹೋದರೆ ಯಾವ ಮಡಕೆ ಯಾವ ಎಲುಬಿನ ಜೊತೆಯದು ಎಂದು ಯಾರೂ ಹೇಳಲಾರರು.

ಮೊದಲು ಸರ್ವೆ ನಕ್ಷೆ ತರಿಸಿ ಸಂರಕ್ಷಿತ ಜಾಗದ ಗಡಿ ಗುರುತಿಸಿ. ಆ ಗಡಿಯಿಂದ (ದಿಬ್ಬದ ಬುಡದಿಂದಲ್ಲ) 100 ಮೀಟರ್ ತನಕ ಹೊಸ ಕಟ್ಟಡವಿಲ್ಲ, ಪಂಪ್‌ಹೌಸ್ ಕೂಡ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅನುಮತಿ ಬೇಕು.

ಜಾಲಿಯ ವಿಷಯ: ಇಲಾಖೆಯ ಹಂಪಿ ವೃತ್ತ ಕಚೇರಿಗೆ ಬರೆದು ಒಪ್ಪಿಗೆ ಪಡೆಯಿರಿ. ಸಿಕ್ಕ ಮೇಲೂ ಗರಗಸದಿಂದ ನೆಲಮಟ್ಟಕ್ಕೆ ಕೊಯ್ಯಬೇಕು, ಬೇರು ಕೀಳಬಾರದು; ಬೇರಿನ ಜೊತೆ ಒಳಗಿನ ಚಪ್ಪಡಿಯೂ ಎದ್ದು ಬರುತ್ತದೆ. ಬಳ್ಳಾರಿ ಜಾಲಿ ಹಟಮಾರಿ, ಮತ್ತೆ ಚಿಗುರುತ್ತದೆ, ಪ್ರತಿವರ್ಷ ಚಿಗುರು ಸವರಬೇಕಾದೀತು. ಕಡಿದ ಮುಳ್ಳನ್ನು ದಿಬ್ಬದ ಮೇಲೆ ಸುಡಬೇಡಿ. ಬೆಂಕಿಗೆ ಗ್ರಾನೈಟ್ ಹಕ್ಕಳೆ ಹಕ್ಕಳೆಯಾಗಿ ಸಿಡಿಯುತ್ತದೆ. ಹೊಸ ಇದ್ದಿಲು ಹಳೆಯದರೊಡನೆ ಬೆರೆತರೆ ಕಾರ್ಬನ್ ಕಾಲನಿರ್ಣಯವೂ ಕೆಡುತ್ತದೆ.

ಪ್ರಶ್ನೆ: ಹಂಪಿ ಬಳಿಯ ನಿಂಬಾಪುರದ ಬೂದಿ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಬೂದಿ ದಿಬ್ಬಗಳೂ ಸಮಾಧಿಗಳೇ? (ಡೊಂಬಿವಲಿ)

ಉತ್ತರ: ಅಲ್ಲ. ದನದ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳವು. ಕೆಲವೆಡೆ ಬೂದಿ ಕರಗಿ ಗಾಜಿನ ಗಟ್ಟಿಯಂತಾಗಿದೆ. ಅವನ್ನು ಮಾಡಿದ ನವಶಿಲಾಯುಗದವರು ಕೂಸುಗಳನ್ನು ಮಡಕೆಯಲ್ಲಿಟ್ಟು, ದೊಡ್ಡವರನ್ನು ಗುಂಡಿ ತೋಡಿ, ಮನೆಗಳ ನಡುವೆಯೇ ಹೂಳುತ್ತಿದ್ದರು. ಸುತ್ತ ದುಂಡಗೆ ಬಂಡೆ ನೆಟ್ಟಿದ್ದರೆ ಅದು ಹೆಚ್ಚಾಗಿ ಕಬ್ಬಿಣಯುಗದ್ದು. ನಿಗಡಿಯವರೂ ತಮ್ಮ ದಿಬ್ಬ ಯಾವ ಕಾಲದ್ದೆಂದು ಫಲಕವನ್ನು ಇನ್ನೊಮ್ಮೆ ಓದಲಿ. ಮುಂಬೈ, ಪುಣೆಯವರಿಗೆ ಹತ್ತಿರದ ಹೋಲಿಕೆಯೆಂದರೆ ಶಿರೂರು ತಾಲ್ಲೂಕಿನ ಇನಾಮಗಾಂವ್, ತುಸು ಈಚಿನ ತಾಮ್ರಶಿಲಾಯುಗದ್ದು. ಅಲ್ಲಿ ಬಾಯಿಗೆ ಬಾಯಿ ಕೂಡಿಸಿದ ಎರಡು ಮಡಕೆಗಳಲ್ಲಿ ಮಕ್ಕಳು. ದೊಡ್ಡವರ ಪಾದ ಕತ್ತರಿಸಿ ಹೂಳಿದ್ದಾರೆ. ಉತ್ಖನನ ಮಾಡಿದ್ದು ಯೆರವಡಾದ ಡೆಕ್ಕನ್ ಕಾಲೇಜು.

ಪ್ರಶ್ನೆ: ಊರಿನ ಹೊಲದಲ್ಲಿ ಕಲ್ಲುಮಣಿ, ಮಡಕೆ ಸಿಕ್ಕಿದರೆ? (ವಾಸ್ಕೊ)

ಉತ್ತರ: ತೊಳೆಯಬೇಡಿ, ಕದಲಿಸಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ನೆಲದಲ್ಲಿ ಹುದುಗಿದ್ದು 10 ರೂಪಾಯಿಗೂ ಮೇಲ್ಪಟ್ಟ ಬೆಲೆಯದಾದರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಲೇಬೇಕು.