ಕಂಪನಿ ಕಟ್ಟುವ ತೆರಿಗೆಯಲ್ಲಿ ಊರಿಗೆ ಬರುವುದೆಷ್ಟು?

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಿಗೆ ತೆರಿಗೆ ಹಾಗೂ ಪಂಚಾಯಿತಿ ಹಣಕಾಸು ಬಲ್ಲವರ ಉತ್ತರ

ಪ್ರಶ್ನೆ: ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ದೊಡ್ಡ ಕಾರ್ಖಾನೆ ಇದೆ. ವರ್ಷಕ್ಕೆ ನೂರಾರು ಕೋಟಿ ತೆರಿಗೆ ಕಟ್ಟುತ್ತೇವೆ ಅಂತಾರೆ ಕಂಪನಿಯವರು. ಪಿಡಿಒ ಸಾಹೇಬರನ್ನು ಕೇಳಿದರೆ ಚರಂಡಿಗೇ ದುಡ್ಡಿಲ್ಲ ಅಂತಾರೆ. ಯಾರ ಮಾತು ನಂಬೋಣ ಸರ್?
— ಹರಿಹರ ತಾಲ್ಲೂಕಿನ ಓದುಗರು

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಕಂಪನಿ ಕಟ್ಟುವ ತೆರಿಗೆ ಬೇರೆ, ಅದರಲ್ಲಿ ಊರಿಗೆ ಸಲ್ಲುವ ತೆರಿಗೆ ಬೇರೆ.

'ನೂರಾರು ಕೋಟಿ' ಎನ್ನುವಾಗ ಕಂಪನಿಗಳು ಸಾಮಾನ್ಯವಾಗಿ ಜಿಎಸ್‌ಟಿಯನ್ನೂ ಸೇರಿಸಿಕೊಳ್ಳುತ್ತವೆ. ಅದು ಮಾಲು ಕೊಂಡವರಿಂದ ವಸೂಲು ಮಾಡಿ ಸರ್ಕಾರಕ್ಕೆ ದಾಟಿಸಿದ ಹಣ, ಕಂಪನಿಯ ಲಾಭದಿಂದ ಹೋದದ್ದಲ್ಲ. ಅದರ ಮೇಲೆ, 2017ರ ಜುಲೈ 1ರಿಂದ ಜಿಎಸ್‌ಟಿ ಸೇರುವುದು ಮಾಲು ಬಳಕೆಯಾದ ರಾಜ್ಯಕ್ಕೆ, ತಯಾರಾದ ರಾಜ್ಯಕ್ಕಲ್ಲ. ಹರಿಹರದಲ್ಲಿ ತಯಾರಾದ ಸರಕು ಸೊಲ್ಲಾಪುರದಲ್ಲಿ ಬಳಕೆಯಾದರೆ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ. ಹೊಗೆ ಇಲ್ಲಿ, ತೆರಿಗೆ ಅಲ್ಲಿ.

ಆದಾಯ ತೆರಿಗೆ ಮಾತ್ರ ಕಂಪನಿಯ ಲಾಭದ ಮೇಲಿನದು. 2019ರಲ್ಲಿ ಬಂದ ರಿಯಾಯಿತಿ ದರ ಆರಿಸಿಕೊಂಡ ಕಂಪನಿಗೆ ಮೂಲ ದರ ಶೇ 22. ಸರ್ಚಾರ್ಜ್ ಮತ್ತು ಸೆಸ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿದರೆ ಶೇ 25.17. ಇದು ನೇರ ಕೇಂದ್ರಕ್ಕೆ ಹೋಗುತ್ತದೆ. 15ನೇ ಹಣಕಾಸು ಆಯೋಗದ 2021–26ರ ಸೂತ್ರದಲ್ಲಿ ಹಂಚಿಕೆ ನಿಧಿಯ (ಕೇಂದ್ರವು ರಾಜ್ಯಗಳ ಜತೆ ಹಂಚಿಕೊಳ್ಳುವ ತೆರಿಗೆ ಹಣ) ಶೇ 41ರಷ್ಟು ರಾಜ್ಯಗಳಿಗೆ, ಅದರಲ್ಲಿ ಶೇ 3.647ರಷ್ಟು ಕರ್ನಾಟಕಕ್ಕೆ ಸಲ್ಲುತ್ತಿತ್ತು. ಗುಣಿಸಿ ನೋಡಿ: ನಿಧಿಗೆ ಸೇರಿದ ಪ್ರತಿ 100 ರೂಪಾಯಿಯಲ್ಲಿ ಕರ್ನಾಟಕಕ್ಕೆ ಹೆಚ್ಚುಕಮ್ಮಿ ಒಂದೂವರೆ ರೂಪಾಯಿ. ಸೆಸ್, ಸರ್ಚಾರ್ಜ್ ಆ ನಿಧಿಗೆ ಸೇರುವುದೇ ಇಲ್ಲ. ರಾಜ್ಯದ ಆ ಪಾಲೂ ಬರುವುದು ವಿಧಾನಸೌಧಕ್ಕೆ, ನಿಮ್ಮೂರಿಗಲ್ಲ.

ವಿದ್ಯುತ್ ತೆರಿಗೆಯೂ ರಾಜ್ಯಕ್ಕೆ. ವೃತ್ತಿ ತೆರಿಗೆಯದು ಇನ್ನೂ ಬೇಸರದ ಕತೆ. ತಿಂಗಳಿಗೆ 25,000 ರೂಪಾಯಿ ಮತ್ತು ಮೇಲ್ಪಟ್ಟ ಸಂಬಳದವರಿಂದ ವರ್ಷಕ್ಕೆ 2,500 ರೂಪಾಯಿ ಹಿಡಿಯುತ್ತಾರೆ. ಅಂಥ ಸಾವಿರ ನೌಕರರಿದ್ದರೆ 25 ಲಕ್ಷ. ತಮಿಳುನಾಡು, ಕೇರಳಗಳಲ್ಲಿ ಇದನ್ನು ಸ್ಥಳೀಯ ಸಂಸ್ಥೆಗಳೇ ವಸೂಲು ಮಾಡುತ್ತವೆ. ನಮ್ಮಲ್ಲಿ ವಾಣಿಜ್ಯ ತೆರಿಗೆ ಇಲಾಖೆ ತೆಗೆದುಕೊಂಡು ಹೋಗುತ್ತದೆ. ಕಾನೂನು ತಿದ್ದಿಸಬೇಕೆಂದು ಶಾಸಕರನ್ನು ಒತ್ತಾಯಿಸುವುದಾದರೆ ಮೊದಲು ಇದನ್ನೇ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಕಳೆದ ಮೇಲೆ ನೇರವಾಗಿ ಪಂಚಾಯಿತಿ ಖಾತೆಗೆ ಬೀಳುವ ದೊಡ್ಡ ತೆರಿಗೆ ಒಂದೇ: ಕಟ್ಟಡ ಮತ್ತು ಜಮೀನಿನ ಮೇಲಿನ ಆಸ್ತಿ ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಈ ಅಧಿಕಾರ ಕೊಟ್ಟಿದೆ. ಸೋರಿಕೆ ಹೆಚ್ಚಾಗಿ ಆಗುವುದೂ ಇಲ್ಲೇ.

ಪಂಚಾಯಿತಿಯಲ್ಲಿ ಎರಡು ವಹಿ ನೋಡಬೇಕು. ನಮೂನೆ 9ರಲ್ಲಿ ಆಸ್ತಿಯ ಅಳತೆ ಮತ್ತು ತೆರಿಗೆ ನಿರ್ಧರಣೆ ಇರುತ್ತದೆ. ನಮೂನೆ 11ರಲ್ಲಿ ಬೇಡಿಕೆ, ವಸೂಲಿ, ಬಾಕಿ. ಕಚೇರಿಯಲ್ಲಿ ಇದಕ್ಕೆ ಡಿಸಿಬಿ ಅಂತಾರೆ. ಊರಿನವರು ಬಹುತೇಕ ಬಾಕಿ ಕಾಲಂ ಮಾತ್ರ ನೋಡಿ 'ಕಂಪನಿ ಪೂರ್ತಿ ಕಟ್ಟಿದೆ' ಎಂದು ಸುಮ್ಮನಾಗುತ್ತಾರೆ. ಬೇಡಿಕೆಯನ್ನೇ ಕಡಿಮೆ ಬರೆದಿದ್ದರೆ ಬಾಕಿ ಸೊನ್ನೆ ಇದ್ದೇ ಇರುತ್ತದೆ!

ಬೇಡಿಕೆ ಕಡಿಮೆಯಾಗಲು ಕಾರಣಗಳು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಕಾರ್ಖಾನೆ ಶುರುವಾದಾಗ ಇದ್ದ ಶೆಡ್ಡಿನ ಅಳತೆ ಹಾಗೇ ಉಳಿದಿರುತ್ತದೆ. ಆಮೇಲೆ ಎದ್ದ ಗೋದಾಮು, ಬಾಯ್ಲರ್ ಮನೆ, ನೌಕರರ ವಸತಿ, ಕ್ಯಾಂಟೀನು ವಹಿಗೆ ಹತ್ತಿರುವುದಿಲ್ಲ. ಜಮೀನು ಪರಿವರ್ತನೆಯಾದ ಒಂದು ಸರ್ವೆ ನಂಬರ್ ಮಾತ್ರ ದಾಖಲಾಗಿ, ಪಕ್ಕದ ನಂಬರಿನಲ್ಲಿ ನಿಂತ ಕಟ್ಟಡ ಬಿಟ್ಟುಹೋಗಿರುತ್ತದೆ. ಕೆಲವೆಡೆ ಅಳತೆಯ ಗೋಜಿಗೇ ಹೋಗದೆ 'ವರ್ಷಕ್ಕೆ ಇಷ್ಟು' ಎಂದು ಒಂದು ಮೊತ್ತಕ್ಕೆ ಮಾತಾಡಿ ಮುಗಿಸಿರುತ್ತಾರೆ. ಈ ಕೊನೆಯದಕ್ಕೆ ಕಂಪನಿಯಷ್ಟೇ ಆಗಿನ ಆಡಳಿತ ಮಂಡಳಿಯೂ ಹೊಣೆ.

ಲೆಕ್ಕ ಹಾಕಿ ನೋಡೋಣ. ನಿಜವಾದ ಕಟ್ಟಡ 1,00,000 ಚದರಡಿ, ಬೆಲೆ ಚದರಡಿಗೆ 1,000 ರೂಪಾಯಿ, ತೆರಿಗೆ ಶೇ 0.5 ಎಂದಿಟ್ಟುಕೊಳ್ಳಿ (ದರ ಉದಾಹರಣೆಗೆ ಮಾತ್ರ, ನಿಮ್ಮ ಪಂಚಾಯಿತಿ ಠರಾವಿನಲ್ಲಿರುವ ದರ ಹಿಡಿಯಿರಿ). ವರ್ಷಕ್ಕೆ 5 ಲಕ್ಷ ಬರಬೇಕು. ವಹಿಯಲ್ಲಿ 40,000 ಚದರಡಿ ಎಂದಿದ್ದರೆ ಬರುವುದು 2 ಲಕ್ಷ. ಹತ್ತು ವರ್ಷಕ್ಕೆ 30 ಲಕ್ಷ ಹೋಯಿತು. ಚರಂಡಿಯ ದುಡ್ಡು ಅದೇ.

ನಿಜವಾದ ಅಳತೆ ಪತ್ತೆ ಮಾಡಲು ಕಾರ್ಖಾನೆಯ ಒಳಗೆ ಹೋಗಬೇಕಿಲ್ಲ. ಪರಿಸರ ಅನುಮತಿ ಬೇಕಾದ ಉದ್ದಿಮೆಯಾಗಿದ್ದರೆ ಅದರ ಅರ್ಜಿ ಮತ್ತು ಅನುಮತಿ ಪತ್ರ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ನಿವೇಶನದ ವಿಸ್ತೀರ್ಣ, ಕಟ್ಟಡದ ವಿಸ್ತೀರ್ಣ ಸಾಮಾನ್ಯವಾಗಿ ಅವುಗಳಲ್ಲೇ ಇರುತ್ತವೆ. ಅನುಮತಿ ಪಡೆಯುವಾಗ ದೊಡ್ಡದಾಗಿ, ತೆರಿಗೆ ಕಟ್ಟುವಾಗ ಚಿಕ್ಕದಾಗಿ ಬರೆದಿದ್ದರೆ ಎರಡೂ ಕಾಗದ ಪಕ್ಕಪಕ್ಕ ಇಟ್ಟರೆ ಸಾಕು.

ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. 'ಕಾರ್ಖಾನೆಯ ಸಂಪೂರ್ಣ ಮಾಹಿತಿ ಕೊಡಿ' ಎಂದು ಬರೆದರೆ ವಾಪಸ್ ಬರುತ್ತದೆ. 'ಇಂತಿಂಥ ಸರ್ವೆ ನಂಬರುಗಳ ನಮೂನೆ 9 ಮತ್ತು ಕಳೆದ ಐದು ವರ್ಷದ ನಮೂನೆ 11ರ ದೃಢೀಕೃತ ನಕಲು' ಎಂದು ಬರೆಯಿರಿ. ಉತ್ತರಕ್ಕೆ 30 ದಿನ. 'ಕಂಪನಿಯ ವ್ಯಾಪಾರ ಗುಟ್ಟು' ಎಂದು ನಿರಾಕರಿಸಿದರೆ ಒಪ್ಪಬೇಡಿ, ಮೇಲ್ಮನವಿ ಹಾಕಿ. ಜಮಾಬಂದಿಯಲ್ಲಿ ಊರ ಮುಂದೆ ಇಡಬೇಕಾದ ಲೆಕ್ಕವದು. ನಕಲು ಕೈಗೆ ಬಂದ ಮೇಲೆ ಮರು ಅಳತೆಗೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಕಳಿಸಿ.

ಅದಕ್ಕೂ ಮೊದಲು, ಕಾರ್ಖಾನೆ ನಿಂತಿರುವುದು ಯಾರ ಸರಹದ್ದಿನಲ್ಲಿ ಎಂದು ಖಚಿತ ಮಾಡಿಕೊಳ್ಳಿ. ಹರಿಹರದ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ. ಅದು ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು. ಆಸ್ತಿ ತೆರಿಗೆ ಹೊಳೆ ದಾಟುವುದಿಲ್ಲ.

ದಾವಣಗೆರೆ ಪಾಲಿಕೆ ವ್ಯಾಪ್ತಿಯವರಿಗೆ ಒಂದು ಮಾತು: ನಗರದಲ್ಲಿ ಸ್ವಯಂ ಘೋಷಣೆ ಪದ್ಧತಿ. ಮಾಲೀಕರೇ ಅಳತೆ ಬರೆದು ಕಟ್ಟುತ್ತಾರೆ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಪಾಲಿಕೆಯವರು ಸ್ಥಳಕ್ಕೆ ಹೋಗಿ ತಾಳೆ ನೋಡದಿದ್ದರೆ ಬರೆದದ್ದೇ ಅಳತೆ.

ಪ್ರಶ್ನೆ: ಗಣಿ ಲಾರಿಗಳ ದೂಳು ನಮ್ಮ ಅಡಿಕೆ ತೋಟದ ಮೇಲೆ. ಗಣಿಯವರು ಸರ್ಕಾರಕ್ಕೆ ರಾಜಧನ ಕಟ್ಟುತ್ತಾರಲ್ಲ, ಅದರಲ್ಲಿ ನಮಗೇನೂ ಇಲ್ಲವೇ?
— ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ರಾಜಧನದಲ್ಲಿ ಇಲ್ಲ, ಅದರ ಜತೆಗೆ ಕಟ್ಟುವ ಇನ್ನೊಂದು ಮೊತ್ತದಲ್ಲಿ ಇದೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿದಾಗ ಜಿಲ್ಲಾ ಖನಿಜ ಪ್ರತಿಷ್ಠಾನ (ಡಿಎಂಎಫ್) ಬಂತು. 2015ರ ಜನವರಿ 12ಕ್ಕಿಂತ ಮುಂಚಿನ ಗುತ್ತಿಗೆಯವರು ರಾಜಧನದ ಶೇ 30ರಷ್ಟನ್ನು, ಆನಂತರ ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ರಾಜಧನದ ಮೇಲೆ ಹೆಚ್ಚುವರಿಯಾಗಿ ಇದಕ್ಕೆ ಕಟ್ಟಬೇಕು.

ಕಬ್ಬಿಣದ ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಬೆಲೆ ಟನ್ನಿಗೆ 3,000 ರೂಪಾಯಿ ಎಂದು ಹಿಡಿದರೆ ರಾಜಧನ 450. ಹಳೇ ಗುತ್ತಿಗೆಯಾದರೆ ಪ್ರತಿಷ್ಠಾನಕ್ಕೆ 135, ಹರಾಜಿನ ಗಣಿಯಾದರೆ 45. ಹರಾಜಿನಲ್ಲಿ ಕೂಗಿದ ಪ್ರೀಮಿಯಂ ಬಲು ದೊಡ್ಡದಿರುತ್ತದೆ, ಆದರೆ ಅದು ರಾಜ್ಯದ ಬೊಕ್ಕಸಕ್ಕೆ. ಅಂದರೆ ಗಣಿ ಹರಾಜಾಗುತ್ತ ಹೋದಂತೆ ಸರ್ಕಾರದ ವರಮಾನ ಏರುತ್ತದೆ, ಪೀಡಿತ ಊರಿನ ಟನ್ನುವಾರು ಪಾಲು ಮೂರನೇ ಒಂದಕ್ಕೆ ಇಳಿಯುತ್ತದೆ. ಕಂಪನಿ ಒಟ್ಟಾರೆ ಹೆಚ್ಚೇ ಕೊಡುತ್ತಿದೆ, ನಿಮಗೆ ಕಡಿಮೆ ಸಿಗುತ್ತಿದೆ. ಇದನ್ನು ಗಣಿ ಮಾಲೀಕರ ಮೇಲೆ ಹಾಕಿ ಪ್ರಯೋಜನವಿಲ್ಲ, ಸೂತ್ರ ಬರೆದವರನ್ನು ಕೇಳಬೇಕು. ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗ–ತುಮಕೂರು ಎರಡೂ ಸೇರಿದ ಅದಿರು ಮಿತಿಯನ್ನು ವರ್ಷಕ್ಕೆ 70 ಲಕ್ಷ ಟನ್ನಿನಿಂದ 150 ಲಕ್ಷಕ್ಕೆ ಏರಿಸಿತು. ಲಾರಿ ಹೆಚ್ಚಲು ಅವಕಾಶ ಸಿಕ್ಕಿದ ಮೇಲೆ ಈ ಪ್ರಶ್ನೆಗೆ ತೂಕವೂ ಹೆಚ್ಚಿದೆ.

ಪ್ರತಿಷ್ಠಾನದ ದುಡ್ಡು ಎಲ್ಲಿಗೆ ಹೋಗಬೇಕು ಎಂಬುದಕ್ಕೆ 2024ರ ಪರಿಷ್ಕೃತ ಮಾರ್ಗಸೂಚಿ ಇದೆ. ಗಣಿಯಿಂದ 15 ಕಿ.ಮೀ. ಒಳಗಿನದು ನೇರ ಪೀಡಿತ ಪ್ರದೇಶ, 25 ಕಿ.ಮೀ. ಒಳಗಿನದು ಪರೋಕ್ಷ. ಕನಿಷ್ಠ ಶೇ 70ರಷ್ಟು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಯ ಕೆಲಸಗಳಿಗೆ ಸಲ್ಲಬೇಕು. ಕೆಡುವುದು ಕಾಮಗಾರಿಗಳ ಪಟ್ಟಿಯಲ್ಲಿ. ಜಿಲ್ಲಾ ಕೇಂದ್ರದ ಕಟ್ಟಡ, ಗಣಿಯಿಲ್ಲದ ಹೋಬಳಿಯ ರಸ್ತೆ ಸದ್ದಿಲ್ಲದೆ ಒಳಗೆ ಸೇರುತ್ತವೆ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕುವಾಗ ಮೂರು ಕಾಗದ ಹೆಸರಿಸಿ ಕೇಳಿ: ನೇರ ಪೀಡಿತ ಗ್ರಾಮಗಳ ಪಟ್ಟಿ, ಗುತ್ತಿಗೆವಾರು ಸಂಗ್ರಹ, ಕಾಮಗಾರಿವಾರು ಮಂಜೂರಾತಿ. ನಿಮ್ಮೂರು ಮೊದಲ ಪಟ್ಟಿಯಲ್ಲಿ ಇಲ್ಲದಿದ್ದರೆ ಉಳಿದೆರಡು ಓದಿ ಉಪಯೋಗವಿಲ್ಲ. ಮೊದಲು ಹೆಸರು ಸೇರಿಸುವಂತೆ ಗ್ರಾಮಸಭೆಯ ಠರಾವು ಮಾಡಿಸಿ, ಗಣಿ ಗಡಿಯಿಂದ ಊರಿಗಿರುವ ದೂರವನ್ನು ನಕ್ಷೆಯಲ್ಲಿ ತೋರಿಸಿ ಕೊಡಿ.

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಇದಲ್ಲದೆ ಗಣಿ ಪರಿಸರ ಪುನಶ್ಚೇತನ ನಿಗಮದ ನಿಧಿಯೂ ಇದೆ. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಕೂಡಿದ ಹಣವದು. ಡಿಎಂಎಫ್ ಬೇರೆ, ಅದು ಬೇರೆ. ಒಂದರಲ್ಲಿ ಆಗುವುದಿಲ್ಲ ಎಂದರೆ ಇನ್ನೊಂದರಲ್ಲಿ ಕೇಳಿ.

ಪ್ರಶ್ನೆ: ನಮ್ಮ ಗುಡ್ಡದ ತುಂಬ ಗಾಳಿ ಗಿರಣಿಗಳು. ಅವುಗಳಿಂದ ಪಂಚಾಯಿತಿಗೆ ತೆರಿಗೆ ಬರಬೇಕಲ್ಲವೇ? ನೋಟಿಸ್ ಕೊಟ್ಟರೆ 'ನಾವು ಮಾಲೀಕರಲ್ಲ' ಅಂತಾರೆ.
— ಚಿತ್ರದುರ್ಗ ತಾಲ್ಲೂಕಿನ ಓದುಗರು

ಉತ್ತರ: ಅವರು ಹೇಳುವುದು ಸುಳ್ಳಲ್ಲ. ಗಿರಣಿ ಕೂರಿಸಿ ನಿರ್ವಹಣೆ ಮಾಡುವ ಕಂಪನಿ ಒಂದು, ಒಂದೊಂದು ಗಿರಣಿಯ ಮಾಲೀಕರು ಇನ್ನೊಬ್ಬರು. ಗಾಳಿ ಗಿರಣಿಗೆ ಆದಾಯ ತೆರಿಗೆಯಲ್ಲಿ ಸವಕಳಿ (ಯಂತ್ರ ಸವೆದದ್ದಕ್ಕೆಂದು ಪ್ರತಿ ವರ್ಷ ಲಾಭದಲ್ಲಿ ಕಳೆದುಕೊಳ್ಳಬಹುದಾದ ಮೊತ್ತ) ದರ ಶೇ 40, ಹಿಂದೆ ಇನ್ನೂ ಹೆಚ್ಚಿತ್ತು. ಆ ಲಾಭಕ್ಕೆಂದೇ ಬಟ್ಟೆ ಗಿರಣಿಯವರು, ಆಭರಣದವರು, ಉಕ್ಕಿನವರು ಇವನ್ನು ಕೊಂಡರು. ಇಂಥವರಿಗೆ ಮೊದಲ ವರ್ಷಗಳಲ್ಲಿ ಕಟ್ಟಬೇಕಾದ ಆದಾಯ ತೆರಿಗೆಯೂ ಇಳಿಯುತ್ತದೆ. ಕಾನೂನೇ ಕೊಟ್ಟ ಸವಲತ್ತು, ತಪ್ಪಿಸಿಕೊಂಡದ್ದಲ್ಲ.

ಪಂಚಾಯಿತಿ ನೋಟಿಸ್ ಹೋಗಬೇಕಾದದ್ದು ಮಾಲೀಕರಿಗೆ. ಹೆಸರು, ಸಾಮರ್ಥ್ಯ, ಸ್ಥಳದ ವಿವರ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನ ಮಂಜೂರಾತಿಯಲ್ಲಿ, ವಿದ್ಯುತ್ ಜೋಡಣೆಯ ವಿವರ ಬೆಸ್ಕಾಂನಲ್ಲಿ ಸಿಗುತ್ತದೆ. ಗಿರಣಿಯ ಕಂಬದ ಮೇಲೆ ಬರೆದ ನಂಬರಿಗೆ ತಾಳೆ ಹಾಕಿ ಪಟ್ಟಿ ಮಾಡಿ. ಜೋಗಿಮಟ್ಟಿ ಸೀಮೆಯಂತೆ ಅರಣ್ಯ ಜಮೀನಿನ ಗುತ್ತಿಗೆಯಾಗಿದ್ದರೆ ನೆಲದ ಹಣ ಅರಣ್ಯದ ಲೆಕ್ಕಕ್ಕೆ. ಜಮೀನಿನ ತೆರಿಗೆ ಕೇಳಿದರೆ ತಕರಾರು ಬರುತ್ತದೆ. ಪಟ್ಟಾ ಜಮೀನಿನಲ್ಲಿರುವ ಕಂಟ್ರೋಲ್ ರೂಮು, ಸಬ್‌ಸ್ಟೇಷನ್, ಗೋದಾಮುಗಳಿಂದ ಶುರು ಮಾಡಿ, ಅವು ಕಟ್ಟಡ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಮೊಬೈಲ್ ಟವರ್ ಕೂಡ ಆಸ್ತಿ ತೆರಿಗೆಯ ಮಟ್ಟಿಗೆ ಕಟ್ಟಡವೇ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದೆ. ಗಿರಣಿಯ ಕಂಬದ ವಾದಕ್ಕೆ ಅದು ಬಲ ಕೊಡುತ್ತದೆ, ಆದರೆ ದರದ ಠರಾವು ಇಲ್ಲದೆ ನೋಟಿಸ್ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಪ್ರಶ್ನೆ: ಕಂಪನಿ ನಮ್ಮ ಶಾಲೆಗೆ ಬಣ್ಣ ಹೊಡೆಸಿ, ಬೆಂಚು ಕೊಟ್ಟಿದೆ. ತೆರಿಗೆ ಕಡಿಮೆಯಾದರೂ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ ಹಣ) ಬರುತ್ತದಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದೇ?
— ದಾವಣಗೆರೆಯ ಓದುಗರು

ಉತ್ತರ: ಬೇಡ. ಆಸ್ತಿ ತೆರಿಗೆಯನ್ನು ಎಲ್ಲಿ ಖರ್ಚು ಮಾಡಬೇಕೆಂದು ಪಂಚಾಯಿತಿ ನಿರ್ಧರಿಸುತ್ತದೆ, ಸಿಎಸ್‌ಆರ್ ಹಣವನ್ನು ಕಂಪನಿಯ ಮಂಡಳಿ. ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಮೌಲ್ಯ 500 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಕಾರ್ಖಾನೆಯ ಸುತ್ತಲಿನ ಊರಿಗೆ ಆದ್ಯತೆ ಕೊಡಿ ಎಂದು ಕಾಯ್ದೆ ಹೇಳುತ್ತದೆ, ಆದರೆ ಇಂತಿಷ್ಟು ಎಂದಿಲ್ಲ. ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧದಲ್ಲಿ ಯೋಜನೆ ನಡೆದ ಜಿಲ್ಲೆಯ ಹೆಸರಿರುತ್ತದೆ, ನೋಡಿ. ಅದೇ ವರದಿಯ ನಗದು ಹರಿವಿನ ಪಟ್ಟಿಯಲ್ಲಿ 'ಪಾವತಿಸಿದ ಆದಾಯ ತೆರಿಗೆ' ಎಂಬ ಸಾಲಿದೆ. ಲಾಭ–ನಷ್ಟದ ಪಟ್ಟಿಯ ತೆರಿಗೆಯಲ್ಲಿ ಮುಂದೂಡಿದ್ದೂ ಸೇರಿರುತ್ತದೆ, ಹಾಗಾಗಿ ನಿಜವಾಗಿ ಕಟ್ಟಿದ್ದು ತಿಳಿಯಲು ಈ ಸಾಲನ್ನೇ ಓದಿ.

ಪ್ರಶ್ನೆ: ಚಳ್ಳಕೆರೆ ಕಾವಲಿನಲ್ಲಿ ಬಂದಿರುವ ಕೇಂದ್ರದ ಸಂಸ್ಥೆಗಳೂ ಪಂಚಾಯಿತಿಗೆ ತೆರಿಗೆ ಕಟ್ಟಬೇಕೇ?
— ನಾಯಕನಹಟ್ಟಿ ಹೋಬಳಿಯ ಓದುಗರು

ಉತ್ತರ: ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ವಿನಾಯಿತಿ ಇದೆ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒದಂಥ ಇಲಾಖೆಯ ಆಸ್ತಿ ಅದರಡಿ ಬರುತ್ತದೆ. ಸರ್ಕಾರಿ ಸ್ವಾಮ್ಯದ ಕಂಪನಿಗಳು ಬರುವುದಿಲ್ಲ, ಅವು ಬೇರೆಯೇ ವ್ಯಕ್ತಿ, ಅವು ಕಟ್ಟಬೇಕು. ತೆರಿಗೆ ಇಲ್ಲದಿದ್ದರೂ ಸೇವಾ ಶುಲ್ಕಕ್ಕೆ ದಾರಿಯಿದೆ. ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ನವೆಂಬರ್‌ನಲ್ಲಿ, ಸ್ಥಳೀಯ ಸಂಸ್ಥೆಯ ಸೇವೆ ಪೂರ್ತಿ, ಭಾಗಶಃ ಬಳಸಿದರೆ ಅಥವಾ ಬಳಸದಿದ್ದರೆ ಕ್ರಮವಾಗಿ ಆಸ್ತಿ ತೆರಿಗೆಯ ಶೇ 75, ಶೇ 50, ಮೂರನೇ ಒಂದು ಭಾಗದಷ್ಟು ಶುಲ್ಕಕ್ಕೆ ಒಪ್ಪಂದ ಮಾಡಿಕೊಳ್ಳುವ ಏರ್ಪಾಡು ಮಾಡಿತು. ಅದು ನಗರ ಸಂಸ್ಥೆಯ ಪ್ರಕರಣ, ಪಂಚಾಯಿತಿಗಳು ಆ ತರ್ಕ ಹಿಡಿದು ಕೇಳಬೇಕು. ಒಪ್ಪಂದವಾದ ಮೇಲೂ ಪ್ರತಿ ವರ್ಷ ಲೆಕ್ಕದ ಸಮೇತ ಬಿಲ್ಲು ಕಳಿಸಬೇಕು. ಬಿಲ್ಲು ಹೋಗದ ವರ್ಷದ ಹಣ ಆ ಕಡೆಯ ಬಜೆಟ್ಟಿನಲ್ಲೇ ಇರುವುದಿಲ್ಲ, ಆಮೇಲೆ ಕೇಳಿದರೆ ವರ್ಷಗಟ್ಟಲೆ ಪತ್ರ ಓಡಾಡುತ್ತದೆ. ಅವರ ಬಜೆಟ್ ಅಂದಾಜು ತಯಾರಾಗುವುದಕ್ಕೆ ಮುಂಚೆಯೇ, ಅಂದರೆ ಮಳೆಗಾಲದೊಳಗೆ, ಬಿಲ್ಲು ಅವರ ಕೈ ಸೇರಿರಲಿ.