ವಿಂಡೋ ಮುಚ್ಚಿದರೆ ಲಾಗೌಟ್ ಆಗುತ್ತಾ?

ಪ್ರಶ್ನೆ: ಮನೆಯ ಲ್ಯಾಪ್‌ಟಾಪಿನಲ್ಲಿ ‘ರಿಮೆಂಬರ್ ಮಿ’ಗೆ ಟಿಕ್ ಹಾಕಿದರೂ ಎಲ್ಲ ಸೈಟುಗಳೂ ದಿನಾ ಪಾಸ್‌ವರ್ಡ್ ಕೇಳುತ್ತವೆ. ಹೋದ ವಾರ ಸ್ಟೇಷನ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಜಿಮೇಲ್ ತೆರೆದು ಪ್ರಿಂಟ್ ತೆಗೆದು, ವಿಂಡೋ ಮುಚ್ಚಿ ಬಂದಿದ್ದೆ. ಮರುದಿನ ಹೋದರೆ ಅಲ್ಲಿ ನನ್ನ ಮೇಲ್ ಹಾಗೇ ತೆರೆದುಕೊಂಡಿತು! ಯಾಕೆ ಹೀಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಂಗಡಿಯದ್ದು ಮೊದಲು ನೋಡೋಣ, ಅದು ಅರ್ಜೆಂಟು. ಈಗಲೇ ಮನೆಯ ಲ್ಯಾಪ್‌ಟಾಪಿನಲ್ಲಿ ಜಿಮೇಲ್ ತೆರೆದು, ಇನ್‌ಬಾಕ್ಸಿನ ತೀರಾ ಕೆಳಗೆ ಬಲಮೂಲೆಗೆ ಹೋಗಿ. ಅಲ್ಲಿ ‘ಡೀಟೇಲ್ಸ್’ ಅಂತ ಸಣ್ಣ ಅಕ್ಷರದಲ್ಲಿದೆ. ಅದನ್ನು ಒತ್ತಿದರೆ ಬೇರೆ ಕಡೆಯ ಲಾಗಿನ್‌ಗಳನ್ನೆಲ್ಲ ಒಟ್ಟಿಗೆ ಮುಚ್ಚುವ ಬಟನ್ ಸಿಗುತ್ತದೆ. ಆಮೇಲೆ ಪಾಸ್‌ವರ್ಡನ್ನೂ ಬದಲಿಸಿಬಿಡಿ.

ಇನ್ನು ಯಾಕೆ ಹೀಗೆ ಅನ್ನೋದು. ವೆಬ್‌ಸೈಟಿಗೆ ನೆನಪಿನ ಶಕ್ತಿ ಇಲ್ಲ. ನೀವು ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಅದಕ್ಕೆ ನೀವು ಹೊಸಬರೇ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಕುಕಿ ಅನ್ನೋದನ್ನು ತಂದರು. ನೀವು ದಿನಾ ಲೋಕಲ್‌ನಲ್ಲಿ ಓಡಾಡುವವರಲ್ವಾ, ಕುಕಿ ಅಂದರೆ ರೈಲ್ವೆ ಪಾಸ್ ಇದ್ದ ಹಾಗೆ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸೈಟು ಒಂದು ಪಾಸ್ ಬರೆದು ಬ್ರೌಸರಿನ ಕೈಗೆ ಕೊಡುತ್ತದೆ, ಆಮೇಲೆ ಪ್ರತಿ ಪುಟಕ್ಕೂ ಬ್ರೌಸರ್ ಅದನ್ನೇ ತೋರಿಸುತ್ತಾ ಹೋಗುತ್ತದೆ. ಟಿಕ್ ಹಾಕದಿದ್ದರೆ ಸಾಮಾನ್ಯವಾಗಿ ಅದು ಬ್ರೌಸರ್ ಮುಚ್ಚುವ ತನಕದ ಟಿಕೆಟ್ಟು. ಟಿಕ್ ಹಾಕಿದರೆ ತಿಂಗಳ ಪಾಸು, ಕೆಲವು ಸೈಟುಗಳಲ್ಲಿ ಇನ್ನೂ ಜಾಸ್ತಿ. ಕ್ರೋಮ್ ಮಾತ್ರ ಯಾವ ಕುಕಿಯನ್ನೂ 400 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾರೋ ಈ ಪಾಸನ್ನು ದಿನಾ ಹರಿದು ಹಾಕುತ್ತಿದ್ದಾರೆ, ಅಷ್ಟೇ. ಬ್ರೌಸರಿನ ಪ್ರೈವಸಿ ಸೆಟ್ಟಿಂಗಿನಲ್ಲಿ ‘ಮುಚ್ಚಿದಾಗ ಸೈಟುಗಳ ಡೇಟಾ ಅಳಿಸು’ ಅನ್ನೋದು ಆನ್ ಆಗಿದೆಯಾ ನೋಡಿ. ಇಲ್ಲವಾದರೆ ಕಂಪ್ಯೂಟರ್ ಕ್ಲೀನ್ ಮಾಡುವ ಸಾಫ್ಟ್‌ವೇರ್ ಯಾವುದಾದರೂ ಇರಬಹುದು. ಮನೆಯವರು ಯಾರಾದರೂ ಒಳ್ಳೆಯದಕ್ಕೇ ಅಂತ ಹಾಕಿರುತ್ತಾರೆ, ಕೇಳಿ ನೋಡಿ.

ಅಂಗಡಿಯಲ್ಲಿ ಆದದ್ದು ಇದರ ಉಲ್ಟಾ. ವಿಂಡೋ ಮುಚ್ಚುವುದು ಅಂದರೆ ಬಾಗಿಲು ಎಳೆದುಕೊಂಡು ಬಂದ ಹಾಗೆ, ಬೀಗ ಹಾಕಿದ ಹಾಗಲ್ಲ. ಜಿಮೇಲ್ ಟಿಕ್ ಕೇಳದೆಯೇ ತುಂಬಾ ದಿನದ ಪಾಸ್ ಕೊಟ್ಟುಬಿಡುತ್ತದೆ, ಅದು ಅಲ್ಲೇ ಉಳಿದಿತ್ತು. ನಾನೇ ಒಮ್ಮೆ ಠಾಣೆಯ ಒಂದು ಅಂಗಡಿಯಲ್ಲಿ ಬ್ರೌಸರ್ ತೆರೆದರೆ, ಯಾರೋ ಹುಡುಗಿಯ ಇನ್‌ಬಾಕ್ಸ್ ಕಣ್ಣೆದುರೇ ಬಂತು. ಮಾರ್ಕ್ಸ್ ಕಾರ್ಡು, ಮನೆ ಬಾಡಿಗೆಯ ಅಗ್ರಿಮೆಂಟು, ಅಮ್ಮನ ಆಧಾರ್, ಎಲ್ಲ ಸಾಲಾಗಿ. ಎದೆ ಧಸಕ್ ಅಂತು. ಲಾಗೌಟ್ ಮಾಡಿ ಬಂದೆ, ಆದರೆ ನನಗಿಂತ ಮೊದಲು ಆ ಕುರ್ಚಿಯಲ್ಲಿ ಯಾರು ಕೂತಿದ್ದರೋ!

ಮುಂದಿನ ಸಲ ಅಂಗಡಿಯಲ್ಲಿ ಇನ್‌ಕಾಗ್ನಿಟೊ ವಿಂಡೋದಲ್ಲೇ (ಮುಚ್ಚಿದಾಗ ಕುಕಿಗಳನ್ನು ತಾನೇ ಅಳಿಸುವ ವಿಂಡೋ ಇದು) ಮೇಲ್ ತೆರೆಯಿರಿ, ಮುಗಿದ ಮೇಲೆ ನೀವೇ ಲಾಗೌಟ್ ಒತ್ತಿ ಆ ವಿಂಡೋಗಳನ್ನೆಲ್ಲ ಮುಚ್ಚಿ. ಅಲ್ಲಿ ಇಳಿಸಿಕೊಂಡ ಫೈಲು ಇನ್‌ಕಾಗ್ನಿಟೊ ಆದರೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದ ಮೇಲೇ ದುಡ್ಡು ಕೊಟ್ಟು ಏಳಿ.