ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸಿಡುಕು, ಮರೆವು, ಮಂಕು ಮತ್ತು ನಮ್ಮ ಊಟ

ಆಹಾರಕ್ಕೂ ಮಿದುಳಿಗೂ ಇರುವ ನಂಟಿನ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು, ಯಾವ ಮಾತ್ರೆ ನುಂಗಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಕೇಳಿವೆ. ಕೊರತೆಯೇ ಇಲ್ಲದವರ ಬುದ್ಧಿಯನ್ನು ಚುರುಕುಗೊಳಿಸುವ ಮಾತ್ರೆ ನನಗೆ ತಿಳಿದಿಲ್ಲ. ಅಂಥ ಜಾಹೀರಾತುಗಳಿಗೆ ಹಣ ಸುರಿಯಬೇಡಿ ಎಂದಷ್ಟೇ ಅವರಿಗೆ ಹೇಳಬಲ್ಲೆ. ಆದರೆ ಇರುವ ಕೊರತೆಯನ್ನು ಸ್ವಭಾವವೆಂದೋ ವಯಸ್ಸೆಂದೋ ತಿಳಿದು ಮನೆಮಂದಿ ವರ್ಷಗಟ್ಟಲೆ ಸುಮ್ಮನಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಥ ಪತ್ರಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಒಂದು ವರ್ಷದಿಂದ ಎಲ್ಲದಕ್ಕೂ ಸಿಡುಕುತ್ತಾಳೆ, ಪುಸ್ತಕ ಹಿಡಿದ ಹತ್ತು ನಿಮಿಷಕ್ಕೆ ತೂಕಡಿಸುತ್ತಾಳೆ. ರಾತ್ರಿ ಕಾಲು ಎಳೆದಂತಾಗುತ್ತದೆ ಎಂದು ಒದ್ದಾಡುತ್ತಾಳೆ. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ಮೊನ್ನೆ ಅವಳ ಜಾಮಿಟ್ರಿ ಬಾಕ್ಸಿನ ತಳದಲ್ಲಿ ಕಚ್ಚಿ ಬಿಟ್ಟ ಬಳಪದ ಚೂರುಗಳು ಸಿಕ್ಕವು. ಹೊಡೆದರೂ ಚಟ ಬಿಡುತ್ತಿಲ್ಲ. ಮನೋವೈದ್ಯರಿಗೆ ತೋರಿಸಬೇಕೇ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಅಮ್ಮಾ, ಮೊದಲು ಅವಳನ್ನು ಹೊಡೆಯುವುದನ್ನು ನಿಲ್ಲಿಸಿ. ಬಳಪ, ಮಣ್ಣು, ಹಸಿ ಅಕ್ಕಿ, ವಿಭೂತಿ, ಫ್ರಿಜ್ಜಿನ ಮಂಜುಗಡ್ಡೆ ಮುಂತಾದವನ್ನು ತಿನ್ನಬೇಕೆಂಬ ತಡೆಯಲಾರದ ಆಸೆ ಕಬ್ಬಿಣದ ಕೊರತೆ ಇರುವವರಲ್ಲಿ ಆಗಾಗ ಕಾಣಿಸುವಂಥದ್ದು. ಬಸುರಿಯರು ಕೆಮ್ಮಣ್ಣು ತಿನ್ನುವುದನ್ನು ನಮ್ಮ ಅಜ್ಜಿಯಂದಿರು ಬಯಕೆ ಎಂದು ಕರೆಯುತ್ತಿದ್ದರು. ಅದರಲ್ಲಿ ಎಷ್ಟೋ ಸಲ ರಕ್ತಹೀನತೆಯೇ ಅಡಗಿರುತ್ತಿತ್ತು. ಕೊರತೆ ನೀಗುತ್ತಾ ಬಂದಂತೆ ಈ ಆಸೆ ಕೆಲವೇ ವಾರಗಳಲ್ಲಿ, ಯಾರೂ ಗದರದೆಯೇ, ತಾನಾಗಿ ಇಳಿದುಹೋಗುವುದನ್ನು ನೋಡಿದವರಿಗೆ ಇದನ್ನು ಚಟವೆಂದು ಕರೆಯಲು ಮನಸ್ಸು ಬರುವುದಿಲ್ಲ.

ಕಬ್ಬಿಣವೆಂದರೆ ರಕ್ತ ಎಂದಷ್ಟೇ ನಾವು ಕಲಿತಿರುತ್ತೇವೆ. ಮಿದುಳಿನಲ್ಲಿ ಅದಕ್ಕೆ ಬೇರೆ ಕೆಲಸಗಳೂ ಇವೆ. ಉತ್ಸಾಹ ಮತ್ತು ಏಕಾಗ್ರತೆಗೆ ಬೇಕಾದ ಡೋಪಮಿನ್, ಮನಸ್ಸಿನ ಸಮತೋಲಕ್ಕೆ ಬೇಕಾದ ಸೆರೊಟೋನಿನ್ ಎಂಬ ರಾಸಾಯನಿಕಗಳನ್ನು ತಯಾರಿಸುವ ಕಿಣ್ವಗಳು ಕಬ್ಬಿಣವಿಲ್ಲದೆ ಕೆಲಸ ಮಾಡಲಾರವು. ನರತಂತುಗಳ ಮೇಲಿನ ಮೈಲಿನ್ ಹೊದಿಕೆಗೂ ಅದು ಬೇಕು. ರಾತ್ರಿ ಕಾಲು ಎಳೆದಂತಾಗುವುದಕ್ಕೂ ಮಿದುಳಿನಲ್ಲಿ ಕಬ್ಬಿಣ ಕಡಿಮೆಯಾಗುವುದಕ್ಕೂ ಸಂಬಂಧವಿದೆ. ಕಾಲಿನ ಒದ್ದಾಟದಿಂದ ನಿದ್ದೆ ಕೆಟ್ಟ ಹುಡುಗಿ ಮರುದಿನ ತರಗತಿಯಲ್ಲಿ ತೂಕಡಿಸಿದರೆ ಅದರಲ್ಲಿ ಸೋಮಾರಿತನ ಎಲ್ಲಿದೆ? ಮುಟ್ಟು ಆರಂಭವಾಗುವ, ದೇಹ ಭರಭರನೆ ಬೆಳೆಯುವ ಈ ವಯಸ್ಸಿನಲ್ಲಿ ಕಬ್ಬಿಣದ ಬೇಡಿಕೆ ಏಕಾಏಕಿ ಏರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ.

ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅವಳ ವಯಸ್ಸಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 12ರ ಆಸುಪಾಸಿನಲ್ಲಿದ್ದರೂ ನಿಶ್ಚಿಂತರಾಗಬೇಡಿ, ಏಕೆಂದರೆ ದೇಹದ ಉಗ್ರಾಣ ಬರಿದಾದ ಎಷ್ಟೋ ಕಾಲದ ಮೇಲೆ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಉಗ್ರಾಣದ ಲೆಕ್ಕ ಹೇಳುವುದು ಫೆರಿಟಿನ್ ಪರೀಕ್ಷೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಅದು ಕೊರತೆ ಬಾರದಂತೆ ತಡೆಯಲು ಕೊಡುವುದೇ ಹೊರತು ಬಂದ ಮೇಲೆ ಸಾಲದು. ಚಿಕಿತ್ಸೆಯ ಪ್ರಮಾಣವನ್ನು, ಜಂತುಹುಳುವಿನ ಮಾತ್ರೆಯನ್ನೂ ಸೇರಿಸಿ, ವೈದ್ಯರೇ ಗೊತ್ತುಮಾಡಲಿ. ಮಲ ಕಪ್ಪಾಯಿತೆಂದು ಅಂಜಿ ಮಾತ್ರೆ ಬಿಡಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರೆ ಮಾತ್ರ ಉಗ್ರಾಣ ತುಂಬುತ್ತದೆ.

ಇನ್ನು ಅಡುಗೆ. ನಿಮ್ಮ ಸೀಮೆಯ ಮುದ್ದೆ, ಬಸ್ಸಾರು, ಹುರುಳಿಕಾಳು, ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣವಿದೆ, ಆದರೆ ಸಸ್ಯಾಹಾರದ ಕಬ್ಬಿಣದಲ್ಲಿ ದೇಹಕ್ಕೆ ಹತ್ತುವುದು ಸಣ್ಣ ಪಾಲು ಮಾತ್ರ. ಬಸ್ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ, ಊಟದ ಜೊತೆ ಒಂದು ಸೀಬೆಹಣ್ಣು ಕೊಟ್ಟರೆ ಆ ಪಾಲು ಗಣನೀಯವಾಗಿ ಏರುತ್ತದೆ. ಉಂಡ ಕೈಯಲ್ಲೇ ಟೀ ಕುಡಿದರೆ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಟೀಯನ್ನು ಊಟದಿಂದ ಒಂದೆರಡು ಗಂಟೆ ದೂರವಿಡಿ. ಕಾಳು ಮತ್ತು ರಾಗಿಯನ್ನು ಮೊಳಕೆ ಕಟ್ಟಿ ಬಳಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಅಂಶ ತಗ್ಗುತ್ತದೆ. ಮೂರು ತಿಂಗಳ ಬಳಿಕ ಕಬ್ಬಿಣ ಸರಿಯಾಗಿಯೂ ಸಿಡುಕು, ಮಂಕು ಉಳಿದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಅದಕ್ಕೂ ಮೊದಲೇ ಅವಳು ಬದುಕು ಬೇಡವೆಂಬಂಥ ಮಾತಾಡಿದರೆ ಒಂದು ದಿನವೂ ತಡಮಾಡಬೇಡಿ.

ಮನೆಯಲ್ಲಿ ಎರಡು ವರ್ಷದೊಳಗಿನ ಕೂಸೇನಾದರೂ ಇದ್ದರೆ ಅದರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೋಝಾಫ್ ಮತ್ತು ಸಂಗಡಿಗರು ಎಳವೆಯಲ್ಲಿ ತೀವ್ರ ಕಬ್ಬಿಣದ ಕೊರತೆ ಅನುಭವಿಸಿದ ಮಕ್ಕಳನ್ನು 19 ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ರಕ್ತಹೀನತೆ ಎಂದೋ ಗುಣವಾಗಿದ್ದರೂ ಕಲಿಕೆಯಲ್ಲಿ ಅವರು ಹಿಂದೆಯೇ ಉಳಿದಿದ್ದರು.

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಶುದ್ಧ ಸಸ್ಯಾಹಾರಿಗಳು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆಂದು ದಿನಾ ಬೆಳಿಗ್ಗೆ ಒಂದು ಆ್ಯಸಿಡಿಟಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಈಚೆಗೆ ಮರೆವು ಹೆಚ್ಚಿದೆ, ಕಾರಣವಿಲ್ಲದೆ ಅನುಮಾನಪಡುತ್ತಾರೆ, ಪಾದ ಜೋಮು ಹಿಡಿದಂತಿದೆ ಎನ್ನುತ್ತಾರೆ. ಊರಿನಲ್ಲಿ ಎಲ್ಲರೂ ಅರವತ್ತಕ್ಕೆ ಅರಳುಮರಳು ಎನ್ನುತ್ತಿದ್ದಾರೆ. ಏನಾದರೂ ಮಾಡಬಹುದೇ?
– ಒಬ್ಬ ಮಗ, ಶಿರಸಿ

ಉತ್ತರ: ಮಾಡಬಹುದು, ಮತ್ತು ಬೇಗ ಮಾಡಬೇಕು. ಅರಳುಮರಳು ಎಂಬ ಮಾತು ಎಷ್ಟು ಹಿರಿಯರಿಗೆ ಸಿಗಬೇಕಾದ ಚಿಕಿತ್ಸೆಯನ್ನು ತಪ್ಪಿಸಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ. ನಿಮ್ಮ ತಂದೆಯವರಲ್ಲಿ ವಿಟಮಿನ್ ಬಿ12 ಕೊರತೆಗೆ ದಾರಿ ಮಾಡಿಕೊಡುವ ನಾಲ್ಕು ಕಾರಣಗಳು ಒಟ್ಟಿಗೆ ಸೇರಿವೆ. ಈ ವಿಟಮಿನ್ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ನೆಚ್ಚಬಹುದಾದಷ್ಟು ಸಿಗುತ್ತದೆ, ಸೊಪ್ಪು ಕಾಳುಗಳಲ್ಲಿ ಇಲ್ಲ. ಆಹಾರದಿಂದ ಅದನ್ನು ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ವಯಸ್ಸಾದಂತೆ ಆಮ್ಲ ಕಡಿಮೆಯಾಗುತ್ತದೆ, ಉಳಿದದ್ದನ್ನು ಎದೆಯುರಿಯ ಮಾತ್ರೆ ತಗ್ಗಿಸುತ್ತದೆ. ಕರುಳು ಅದನ್ನು ಹೀರಿಕೊಳ್ಳುವುದಕ್ಕೆ ದೀರ್ಘಕಾಲದ ಮೆಟ್‌ಫಾರ್ಮಿನ್ ಸೇವನೆ ಅಡ್ಡಿಯಾಗುತ್ತದೆ. ಯಕೃತ್ತಿನಲ್ಲಿ ಹಲವು ವರ್ಷಕ್ಕೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಒಂದೇ ದಿನ ಬಂದೆರಗದೆ, ಮನೆಯವರಿಗೆ ಗೊತ್ತೇ ಆಗದಷ್ಟು ಮೆಲ್ಲಗೆ ಬರುತ್ತದೆ.

ನರಗಳ ಮೈಲಿನ್ ಹೊದಿಕೆಯನ್ನು ಸುಸ್ಥಿತಿಯಲ್ಲಿಡಲು ಬಿ12 ಬೇಕು. ಅದು ಕಡಿಮೆಯಾದಾಗ ಪಾದದಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ತೂರಾಟ, ಮರೆವು, ಖಿನ್ನತೆ, ಕೆಲವರಲ್ಲಿ ಅನುಮಾನ ಮತ್ತು ಭ್ರಮೆಗಳೂ ಬರುತ್ತವೆ. ರಕ್ತಹೀನತೆ ಇಲ್ಲದೆಯೂ ಇವೆಲ್ಲ ಬರಬಹುದು. ಆದ್ದರಿಂದ ಹಿಮೋಗ್ಲೋಬಿನ್ ಸರಿಯಿದೆ ಎಂಬ ವರದಿಯನ್ನು ನೆಚ್ಚಿ ಕೂರಬೇಡಿ. ಬಿ12 ಮಟ್ಟವನ್ನೇ ಅಳೆಸಿ. 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಅದಕ್ಕಿಂತ ತುಸು ಮೇಲಿದ್ದು ಲಕ್ಷಣಗಳಿದ್ದರೆ ವೈದ್ಯರು ಇನ್ನೊಂದು ಪರೀಕ್ಷೆ ಹೇಳಬಹುದು. ಬರಿಯ ಫೋಲಿಕ್ ಆಮ್ಲದ ಮಾತ್ರೆಯನ್ನು ನೀವೇ ತಂದು ಕೊಡಬೇಡಿ: ಅದು ರಕ್ತವನ್ನು ಸರಿಮಾಡಿ ಕೊರತೆಯನ್ನು ಮುಚ್ಚಿಡುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಬಿ12 ಇದೆಯೆಂದು ಮಾರುವವರಿದ್ದಾರೆ. ಅದರಲ್ಲಿರುವ ಬಹುಪಾಲು ನಮ್ಮ ದೇಹ ಬಳಸಿಕೊಳ್ಳಲಾಗದ ರೂಪದ್ದು.

ಕೊರತೆ ಖಚಿತವಾದರೆ ಮೊದಲು ಇಂಜೆಕ್ಷನ್, ನಂತರ ಮಾತ್ರೆ ಎಂಬುದು ರೂಢಿಯ ಕ್ರಮ. ಮನಸ್ಸಿನ ಮಂಕು ಕೆಲವು ವಾರಗಳಲ್ಲಿ ತಿಳಿಯಾಗಬಹುದು, ಕಾಲಿನ ಜೋಮು ತಿಂಗಳುಗಳನ್ನು ಬೇಡುತ್ತದೆ, ಬಹಳ ಹಳೆಯದಾಗಿದ್ದರೆ ಪೂರ್ತಿ ಹೋಗದಿರಲೂಬಹುದು. ಸಕ್ಕರೆ ಕಾಯಿಲೆಯಿಂದಲೇ ಪಾದ ಜೋಮು ಹಿಡಿಯಬಹುದು. ಥೈರಾಯ್ಡ್ ಕೊರತೆ, ಖಿನ್ನತೆ, ನಿಜವಾದ ಮರೆಗುಳಿ ಕಾಯಿಲೆ ಇವೂ ಇರಬಹುದು. ಇವೆಲ್ಲವನ್ನೂ ಒಂದೇ ಭೇಟಿಯಲ್ಲಿ ವಿಚಾರಿಸಿ. ಮೆಟ್‌ಫಾರ್ಮಿನ್ ಒಳ್ಳೆಯ ಔಷಧ, ಅದನ್ನು ನೀವಾಗಿ ನಿಲ್ಲಿಸಬೇಡಿ. ದಿನಾ ಎರಡು ಲೋಟ ಹಾಲು ಅಥವಾ ಅಷ್ಟೇ ಗಟ್ಟಿ ಮೊಸರು ಮುಂದಿನ ದಿನಗಳಿಗೆ ಸಹಾಯ. ನೀರು ಮಜ್ಜಿಗೆಯನ್ನು ಆ ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಸಿಹಿ ತಿಂದ ದಿನ ಆರು ವರ್ಷದ ಮಗ ಮನೆ ತಲೆಕೆಳಗು ಮಾಡುತ್ತಾನೆ. ಸಕ್ಕರೆಯೇ ಕಾರಣವೇ?
– ಮೈಸೂರಿನ ಓದುಗರು

ಉತ್ತರ: ಅಲ್ಲ. ಯಾರಿಗೆ ಸಕ್ಕರೆ, ಯಾರಿಗೆ ಬರಿಯ ಸಿಹಿ ರುಚಿ ಎಂಬುದು ಮಕ್ಕಳಿಗೂ ನೋಡುವವರಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಗಳಲ್ಲಿ ನಡವಳಿಕೆಯ ವ್ಯತ್ಯಾಸ ಕಂಡಿಲ್ಲ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಗುವಿಗೆ ಸಕ್ಕರೆ ಕೊಟ್ಟಿದ್ದೇವೆಂದು ನಂಬಿಸಲ್ಪಟ್ಟ ತಾಯಂದಿರು, ಮಗು ಒಂದು ಹರಳು ಸಕ್ಕರೆಯನ್ನೂ ತಿನ್ನದಿದ್ದರೂ, ಇಂದು ಬಹಳ ಚೇಷ್ಟೆ ಮಾಡಿದ ಎಂದೇ ಹೇಳಿದರು. ಸಿಹಿ ಹಂಚುವುದು ಹುಟ್ಟುಹಬ್ಬ, ಮದುವೆಮನೆಗಳಲ್ಲಿ. ಅಲ್ಲಿನ ಗದ್ದಲಕ್ಕೆ ಮಕ್ಕಳು ಕುಣಿಯುತ್ತಾರೆ. ಹಲ್ಲು ಮತ್ತು ತೂಕದ ಸಲುವಾಗಿ ಸಕ್ಕರೆ ಕಡಿಮೆ ಮಾಡಿ, ಅವನಿಗೆ ಬೆಳಗಿನ ತಿಂಡಿ ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಎರಡು ತಿಂಗಳ ಗರ್ಭಿಣಿ. ಅಯೋಡೈಸ್ಡ್ ಉಪ್ಪು ರಾಸಾಯನಿಕವೆಂದು ಮನೆಯಲ್ಲಿ ಕಲ್ಲುಪ್ಪು ಮತ್ತು ಹಿಮಾಲಯದ ಗುಲಾಬಿ ಉಪ್ಪನ್ನೇ ಬಳಸುತ್ತೇವೆ. ತೊಂದರೆಯೇ?
– ಉಡುಪಿಯ ಓದುಗರು

ಉತ್ತರ: ಈ ಒಂದು ವಿಷಯದಲ್ಲಿ ಮನೆಯವರ ಮನಸ್ಸನ್ನು ದಯವಿಟ್ಟು ಇಂದೇ ಒಲಿಸಿಕೊಳ್ಳಿ. ಹೊಟ್ಟೆಯಲ್ಲಿರುವ ಕೂಸು ಮೊದಲ ತಿಂಗಳುಗಳಲ್ಲಿ ತನ್ನ ಮಿದುಳು ಕಟ್ಟಿಕೊಳ್ಳಲು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ, ಆ ಹಾರ್ಮೋನಿಗೆ ಅಯೋಡಿನ್ ಬೇಕೇ ಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಗರ್ಭಿಣಿಗೆ 250 ಬೇಕು. ಅಯೋಡಿನ್ ಬೆರೆಸದ ಕಲ್ಲುಪ್ಪಿನಲ್ಲೂ ಗುಲಾಬಿ ಉಪ್ಪಿನಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಸಮುದ್ರದ ಉಪ್ಪಿನಲ್ಲಿ ಇದ್ದೇ ಇರುತ್ತದೆ ಎಂಬುದು ಕರಾವಳಿಯಲ್ಲಿ ಬೇರೂರಿದ ತಪ್ಪು ತಿಳಿವಳಿಕೆ.

ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದಿಕೊಳ್ಳುವ ಗಳಗಂಡ ಮನೆಮಾತಾಗಿದ್ದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಕೆಲವು ಪ್ರದೇಶಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಸಾದಾ ಉಪ್ಪು ಹಂಚಿದರು. ಬೆರೆಸಿದ ಉಪ್ಪು ತಿಂದ ಕಡೆ ಕೆಲವೇ ವರ್ಷಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಈ ಕೆಲಸದ ಬೆನ್ನಲ್ಲೇ ಬಂದದ್ದು. ಉಪ್ಪಿನಕಾಯಿಗೆ ಕಲ್ಲುಪ್ಪೇ ಇರಲಿ. ದಿನದ ಸಾರು ಪಲ್ಯಕ್ಕೆ ಅಯೋಡೈಸ್ಡ್ ಉಪ್ಪು ಬಳಸಿ, ಒಲೆಯ ಪಕ್ಕ ತೆರೆದಿಡದೆ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಅಡುಗೆಯ ಕೊನೆಯಲ್ಲಿ ಹಾಕಿ. ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.

ಪ್ರಶ್ನೆ: ನನ್ನ ತಮ್ಮ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ) ಕಾಯಿಲೆಗೆ ಐದು ವರ್ಷದಿಂದ ಲಿಥಿಯಂ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದಾನೆ. ಈಗ ಒಂದು ಪ್ರಕೃತಿ ಚಿಕಿತ್ಸಾ ಶಿಬಿರಕ್ಕೆ ಸೇರಿ ಒಂದು ತಿಂಗಳು ಉಪ್ಪಿಲ್ಲದ ಆಹಾರ ತಿಂದು, ಕೊನೆಗೆ ಮಾತ್ರೆಯನ್ನೂ ಬಿಡುತ್ತೇನೆ ಎನ್ನುತ್ತಿದ್ದಾನೆ. ಆಹಾರದಿಂದಲೇ ಗುಣವಾಗುವುದಿಲ್ಲವೇ?
– ಒಬ್ಬ ಅಕ್ಕ, ದಾವಣಗೆರೆ

ಉತ್ತರ: ಒಳ್ಳೆಯ ಊಟ ಚಿಕಿತ್ಸೆಗೆ ಬೆಂಬಲ ಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ 67 ಮಂದಿ ಖಿನ್ನತೆಯ ರೋಗಿಗಳ ಪೈಕಿ ಹನ್ನೆರಡು ವಾರ ಆಹಾರ ಸುಧಾರಿಸಿಕೊಂಡವರು ಹೆಚ್ಚು ಚೇತರಿಸಿಕೊಂಡರು, ಆದರೆ ಅವರಲ್ಲಿ ಬಹುಮಂದಿ ಮಾತ್ರೆಯನ್ನೋ ಆಪ್ತಸಲಹೆಯನ್ನೋ ಮುಂದುವರಿಸಿಯೇ ಇದ್ದರು. ನಿಮ್ಮ ತಮ್ಮನದು ಬೈಪೋಲಾರ್. ಅಲ್ಲಿ ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ಲಿಥಿಯಂ ಕೂಡ ಖನಿಜವೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಈ ಕಾಯಿಲೆಗೆ ಅದರ ಉಪಯೋಗವನ್ನು ತೋರಿಸಿಕೊಟ್ಟರು. ಮೂತ್ರಪಿಂಡಗಳು ಉಪ್ಪಿನಲ್ಲಿರುವ ಸೋಡಿಯಂ ಮತ್ತು ಲಿಥಿಯಂಗಳನ್ನು ಒಂದೇ ಬಗೆಯಲ್ಲಿ ನಿಭಾಯಿಸುತ್ತವೆ. ಊಟದಲ್ಲಿ ಉಪ್ಪು ಏಕಾಏಕಿ ನಿಂತರೆ ದೇಹ ಸೋಡಿಯಂ ಅನ್ನು ಉಳಿಸಿಕೊಳ್ಳಲು ಹೊರಟು ಜೊತೆಗೆ ಲಿಥಿಯಂ ಅನ್ನೂ ಹಿಡಿದಿಡುತ್ತದೆ, ಅದೇ ಹಳೆಯ ಪ್ರಮಾಣದ ಮಾತ್ರೆ ವಿಷದ ಮಟ್ಟಕ್ಕೆ ಏರಬಹುದು. ಉಪವಾಸ, ಭೇದಿ, ಬೇಸಿಗೆಯ ಬೆವರು, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಇವುಗಳಿಂದಲೂ ಹಾಗೆಯೇ ಆಗುತ್ತದೆ. ಆದ್ದರಿಂದ ಶಿಬಿರಕ್ಕೆ ಹೊರಡುವ ಮುನ್ನ ಅವನನ್ನು ಮನೋವೈದ್ಯರ ಬಳಿ ಕರೆದೊಯ್ದು ರಕ್ತದಲ್ಲಿ ಲಿಥಿಯಂ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಉಪ್ಪು ಬಿಡುವ ವಿಚಾರವನ್ನು ಅವರ ಮುಂದೆಯೇ ಇಡಿ. ತಕ್ಷಣ ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವನು ಈಗಾಗಲೇ ಉಪ್ಪು ಬಿಟ್ಟಿದ್ದು ಕೈ ಜೋರಾಗಿ ನಡುಗುತ್ತಿದ್ದರೆ, ವಾಂತಿ ಭೇದಿಯಾಗುತ್ತಿದ್ದರೆ, ಮಾತು ತೊದಲಿ ನಡಿಗೆ ತಪ್ಪುತ್ತಿದ್ದರೆ ಮುಂದಿನ ಮಾತ್ರೆ ಕೊಡದೆ, ಮಾತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.